ರಕ್ತದಲ್ಲಿರೋ ಉರಿ ಯಾರು ಹಚ್ಚಿದ್ದು?

ಸ್ವಲ್ಪ ಉದ್ದದ ಬರಹ. ಬಿಡುವು ಮಾಡಿಕೊಂಡು ಓದಿ. ಆದ್ರೆ ಮನೆಯಲ್ಲಿರೋ ಹಿರಿಯರಿಗೂ ಓದಿ ಹೇಳಿ.

ಹೋದ ತಿಂಗಳು ಪುಣಜನೂರಿನಲ್ಲಿರೋ ನಮ್ಮ ದೊಡ್ಡವ್ವನ ಮನೆಗೆ ಹೋಗಿದ್ದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ ದಾರೀಲಿ, ತಮಿಳುನಾಡಿನ ಗಡಿಗೆ ಮುಂಚೆ ಚೆಕ್‌ಪೋಸ್ಟ್ ಇದೆಯಲ್ಲ, ಅದೇ ಊರು. ಊಟ ಆದ ಮೇಲೆ ದೊಡ್ಡವ್ವ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗೆ ಕೊಟ್ಟಳು. ಒಳಗೆ ಆರು ಪುಟದ ಲ್ಯಾಬ್ ರಿಪೋರ್ಟು. ಎಲ್ಲಾ ಇಂಗ್ಲಿಷು. ಒಂದು ಸಾಲಿಗೆ ಮಾತ್ರ ಕೆಂಪು ಬಣ್ಣ, ಪಕ್ಕದಲ್ಲಿ ಮೇಲಕ್ಕೆ ತೋರಿಸೋ ಬಾಣ. ಎಚ್‌ಎಸ್-ಸಿಆರ್‌ಪಿ, 6.4.

ಊರಿಗೆ ಒಂದು ವ್ಯಾನ್ ಬಂದಿತ್ತಂತೆ. ಪೂರ್ತಿ ದೇಹದ ತಪಾಸಣೆ, ಎರಡೂವರೆ ಸಾವಿರದ್ದು ಇವತ್ತು ಮಾತ್ರ 999 ಅಂದ್ರಂತೆ. ದೊಡ್ಡವ್ವ ಸಂಘದಲ್ಲಿ ಸಾಲ ತಗೊಂಡು ರಕ್ತ ಕೊಟ್ಟಿದ್ದಾಳೆ. ರಿಪೋರ್ಟ್ ತಂದುಕೊಟ್ಟ ಹುಡುಗ ನಿಂತಲ್ಲೇ ಹೇಳಿ ಹೋಗಿದ್ದಾನೆ: 'ರಕ್ತದಲ್ಲಿ ಉರಿಯೂತ ಜಾಸ್ತಿ ಇದೆ, ಹಾರ್ಟ್ ಬ್ಲಾಕ್ ಆಗಬಹುದು, ದನದ ಮಾಂಸ ಬಿಟ್ಬಿಡಿ, ಮೂರು ತಿಂಗಳಿಗೊಂದು ಸಲ ಟೆಸ್ಟ್ ಮಾಡಿಸ್ತಾ ಇರಿ.'

ದೊಡ್ಡವ್ವ ನನ್ನ ಮುಖ ನೋಡ್ಕೊಂಡು ಕೇಳಿದ್ಲು: "ನನ್ನ ನೆತ್ರುಲಿ ಉರಿ ಅದಂತಲ್ಲ ಮೊಗ, ಅದ ಯಾರ ಹಚ್ಚುದ್ದು?"

ಆಗ ಉತ್ತರ ಕೊಡೋಕೆ ಆಗಲಿಲ್ಲ. ಅವತ್ತಿನಿಂದ ಓದಿದ್ದು, ಗೊತ್ತಿರೋ ಡಾಕ್ಟರುಗಳನ್ನ ಕೇಳಿದ್ದು, ಯೋಚಿಸಿದ್ದು ಎಲ್ಲಾ ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ಈ ವ್ಯಾನು ನಾಳೆ ನಿಮ್ಮ ಬೀದಿಗೂ ಬರುತ್ತೆ.

ಸಿಆರ್‌ಪಿ ಅಂದ್ರೆ ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಅನ್ನೋ ಇಬ್ಬರು ವಿಜ್ಞಾನಿಗಳು ನ್ಯುಮೋನಿಯಾ ಬಂದವರ ರಕ್ತದಲ್ಲಿ ಇದನ್ನ ಮೊದಲು ಕಂಡರು. ನಮ್ಮ ಜನಕ್ಕೆ ಈ ಹೆಸರು ಪರಿಚಯ ಆಗಿದ್ದು ಕೊರೊನಾದಲ್ಲಿ, ಆಕ್ಸಿಜನ್ ಇಲ್ಲದೆ ನಮ್ಮ ಜಿಲ್ಲೆಯವರು ಜೀವ ಬಿಟ್ಟ 2021ರಲ್ಲಿ. ಮೈಯಲ್ಲಿ ಎಲ್ಲಾದ್ರೂ ಗಾಯ ಆಗ್ಲಿ, ಸೋಂಕು ಆಗ್ಲಿ, ಊತ ಆಗ್ಲಿ, ಅಲ್ಲಿರೋ ರಕ್ಷಣಾ ಕಣಗಳು ಇಂಟರ್‌ಲ್ಯೂಕಿನ್-6 ಅನ್ನೋ ರಾಸಾಯನಿಕದ ಮೂಲಕ ಯಕೃತ್ತಿಗೆ ಸುದ್ದಿ ಮುಟ್ಟಿಸ್ತವೆ. ಯಕೃತ್ತು ಸಿಆರ್‌ಪಿ ತಯಾರಿಸಿ ರಕ್ತಕ್ಕೆ ಬಿಡುತ್ತೆ. ಮಾಮೂಲಿ ಸಿಆರ್‌ಪಿ ಪರೀಕ್ಷೆ ದೊಡ್ಡ ಬೆಂಕಿಯನ್ನ ಅಳೆಯುತ್ತೆ. ಎಚ್‌ಎಸ್ ಅಂತ ಮುಂದೆ ಸೇರಿಸಿದ್ರೆ ಅದು ಬೂದಿ ಕೆಳಗಿನ ಕೆಂಡವನ್ನೂ ಅಳೆಯೋ ಸೂಕ್ಷ್ಮ ಪರೀಕ್ಷೆ.

ಉರಿಯೂತ ಅಂದ ತಕ್ಷಣ ಕೆಟ್ಟದ್ದು ಅಂತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರನ್ನ ಕೇಳಿ ನೋಡಿ, ತರಗು ಬೆಂಕಿ ಅಂತಾರೆ. ಬೇಸಿಗೆ ಬಲಿಯೋ ಮುಂಚೆ ನೆಲದ ತರಗೆಲೆಯನ್ನ ಸಣ್ಣಗೆ ಸುಡೋದು. ಅದು ಕಾಡನ್ನ ಕಾಯುತ್ತಿತ್ತು. ಮೈಗೆ ಗಾಯ ಆದಾಗ ಬರೋ ಊತ, ಬಿಸಿ, ನೋವು ಕೂಡ ಹಂಗೇ. ಬಂದು, ಕೆಲಸ ಮುಗಿಸಿ, ಆರುತ್ತೆ. ಆರದೆ ವರ್ಷಗಟ್ಟಲೆ ಸಣ್ಣಗೆ ಉರೀತಾನೇ ಇದ್ರೆ ಅದು ಬೇರೆ ಕಥೆ.

ಆ ಬೇರೆ ಕಥೆ ನಡೆಯೋದು ರಕ್ತನಾಳದ ಗೋಡೆಯಲ್ಲಿ. ಕೆಟ್ಟ ಕೊಬ್ಬು ಅಂತ ಕರೆಯೋ ಎಲ್‌ಡಿಎಲ್ ಗೋಡೆಯ ಒಳಪದರಕ್ಕೆ ನುಗ್ಗುತ್ತೆ. ಅದನ್ನ ತಿಂದುಹಾಕೋಕೆ ಬಿಳಿ ರಕ್ತಕಣಗಳು ಬರ್ತವೆ, ತಿಂದು ತಿಂದು ಅಲ್ಲೇ ಉಬ್ಬಿ ಕೂರ್ತವೆ. ಅದರ ಮೇಲೆ ಒಂದು ತೆಳು ಮುಚ್ಚಳ ಬೆಳೆಯುತ್ತೆ. ಉರಿಯೂತ ಜಾಸ್ತಿ ಆದಷ್ಟೂ ಆ ಮುಚ್ಚಳ ಸವೆಯುತ್ತೆ. ಒಂದು ದಿನ ಒಡೆದ್ರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ. ಹೃದಯದ ನಾಳದಲ್ಲಿ ಆದ್ರೆ ಹೃದಯಾಘಾತ, ಮೆದುಳಿನದ್ದಾದ್ರೆ ಲಕ್ವ. ಕಾಲಿನ ನಾಳ ಕಿರಿದಾದ್ರೆ ನಾಲ್ಕು ಹೆಜ್ಜೆ ನಡೆಯೋಷ್ಟರಲ್ಲಿ ಮೀನಖಂಡ ಹಿಡ್ಕೊಳ್ಳುತ್ತೆ, ನಿಂತ್ರೆ ಸರಿಹೋಗುತ್ತೆ, ಪಾದದ ಗಾಯ ಮಾಯಲ್ಲ. ಕೂಲಿ ಮಾಡೋರಿಗೆ ಕಾಲುನೋವು ಯಾವಾಗಿನದ್ದೂ ಅಂತ ನಾವು ಎಣ್ಣೆ ತಿಕ್ಕಿ ಸುಮ್ಮನಾಗ್ತೀವಿ. ಕೈಗೂ ಹಿಮ್ಮಡಿ ಹತ್ರಕ್ಕೂ ಬಿಪಿ ಪಟ್ಟಿ ಕಟ್ಟಿ ಎರಡನ್ನೂ ಹೋಲಿಸಿದ್ರೆ ಕಾಲಿನ ನಾಳದ ಸಮಸ್ಯೆಯ ಸುಳಿವು ಸಿಗುತ್ತೆ. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ.

ಸಿಆರ್‌ಪಿಗೂ ಹೃದಯಕ್ಕೂ ಸಂಬಂಧ ಇದೆ ಅನ್ನೋದು ಸುಳ್ಳಲ್ಲ. 1997ರಲ್ಲಿ ಪಾಲ್ ರಿಡ್ಕರ್ ಮತ್ತು ಸಂಗಡಿಗರು ಅಮೆರಿಕದ ಗಂಡು ಡಾಕ್ಟರುಗಳ ಹಳೇ ರಕ್ತದ ಮಾದರಿಗಳನ್ನ ಪರೀಕ್ಷೆ ಮಾಡಿದ್ರು. ಸಿಆರ್‌ಪಿ ಅತಿ ಹೆಚ್ಚಿದ್ದ ಗುಂಪಿಗೆ ಮುಂದೆ ಹೃದಯಾಘಾತ ಆಗೋ ಸಂಭವ, ಅತಿ ಕಡಿಮೆ ಇದ್ದ ಗುಂಪಿಗಿಂತ ಸುಮಾರು ಮೂರು ಪಟ್ಟು ಇತ್ತು. 2017ರ ಒಂದು ದೊಡ್ಡ ಪ್ರಯೋಗದಲ್ಲಿ ಒಂದು ಸಲ ಹೃದಯಾಘಾತ ಆಗಿದ್ದ 10,061 ಜನ ಇದ್ರು. ಅವರಲ್ಲಿ ಕೆಲವರಿಗೆ ಕೊಲೆಸ್ಟರಾಲ್ ಮುಟ್ಟದೆ ಉರಿಯೂತ ಮಾತ್ರ ಇಳಿಸೋ ಔಷಧಿ ಕೊಟ್ರು. ಮಧ್ಯಮ ಪ್ರಮಾಣದ ಡೋಸ್ ಪಡೆದವರಲ್ಲಿ ಮತ್ತೆ ಹೃದಯಾಘಾತ, ಲಕ್ವ, ಹೃದಯ-ರಕ್ತನಾಳದ ಕಾಯಿಲೆಯ ಸಾವು ಇವೆಲ್ಲ ಸೇರಿ ನೂರಕ್ಕೆ 15ರಷ್ಟು ಕಡಿಮೆ ಆಯ್ತು. ಅಂದ್ರೆ ಉರಿಯೂತ ಸುಮ್ಮನೆ ಜೊತೆಗಾರ ಅಲ್ಲ, ಪಾಲುದಾರ. ಆದ್ರೆ ಆ ಔಷಧಿಗೆ ಲಕ್ಷಾಂತರ ರೂಪಾಯಿ, ಮೇಲಾಗಿ ಸೋಂಕಿನಿಂದ ಸಾಯೋರು ಸ್ವಲ್ಪ ಹೆಚ್ಚಾದ್ರು. 2025ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆ ಎಚ್‌ಎಸ್-ಸಿಆರ್‌ಪಿ ಎಲ್ಲರಿಗೂ ನೋಡೋದು ಒಳ್ಳೇದು ಅಂತಲೂ ಹೇಳಿದೆ. ಆದ್ದರಿಂದ ಪರೀಕ್ಷೆಯೇ ಮೋಸ ಅಂತ ನಾನು ಹೇಳ್ತಿಲ್ಲ. ಹಂಗೆ ಹೇಳಿದ್ರೆ ನಾನೂ ವಾಟ್ಸಾಪ್ ವೈದ್ಯ ಆಗ್ತೀನಿ.

ನನ್ನ ತಕರಾರು ಬೇರೆ. ಸಿಆರ್‌ಪಿ ಬೆಂಕಿ ಅಲ್ಲ, ಹೊಗೆ. ಹುಟ್ಟಿನಿಂದಲೇ ಸಿಆರ್‌ಪಿ ಜಾಸ್ತಿ ಮಾಡೋ ಜೀನ್ ಇರೋರನ್ನ ವಿಜ್ಞಾನಿಗಳು ಹುಡುಕಿ ನೋಡಿದ್ರು. ಅವರಿಗೆ ಹೃದಯದ ಕಾಯಿಲೆ ಏನೂ ಜಾಸ್ತಿ ಇರಲಿಲ್ಲ. ಅದೇ ಇಂಟರ್‌ಲ್ಯೂಕಿನ್-6ರ ದಾರಿಯಲ್ಲಿ ಏರುಪೇರು ಮಾಡೋ ಜೀನ್ ನೋಡಿದಾಗ ವ್ಯತ್ಯಾಸ ಕಾಣಿಸ್ತು. ಬೆಟ್ಟದ ಮೇಲೆ ಹೊಗೆ ಕಂಡ್ರೆ ಫೈರ್ ವಾಚರ್ ಹೊಗೆಗೆ ಸೊಪ್ಪು ಹಿಡ್ಕೊಂಡು ಬಡಿಯಲ್ಲ, ಬೆಂಕಿ ಎಲ್ಲಿ ಬಿತ್ತು ಅಂತ ಹುಡುಕ್ಕೊಂಡು ಹೋಗ್ತಾನೆ. ಬರೀ ಹೊಗೆ ನೋಡಿದ್ರೆ ಯಾವ ಬೆಂಕಿ ಅಂತಲೂ ಗೊತ್ತಾಗಲ್ಲ.

ಬೊಲಿವಿಯಾದ ಕಾಡಿನಲ್ಲಿ ತ್ಸಿಮಾನೆ ಅನ್ನೋ ಆದಿವಾಸಿಗಳಿದ್ದಾರೆ. 2017ರಲ್ಲಿ ಬಂದ ಅಧ್ಯಯನದಲ್ಲಿ 705 ಜನರ ಹೃದಯ ಸ್ಕ್ಯಾನ್ ಮಾಡಿದ್ರು. ಸೋಂಕು, ಹುಳ ಎಲ್ಲಾ ಇರೋ ಬದುಕು, ಅರ್ಧದಷ್ಟು ಜನಕ್ಕೆ ಉರಿಯೂತದ ಅಂಕಿ ಮೇಲಿತ್ತು. ಆದ್ರೂ ನೂರಕ್ಕೆ 85 ಜನರ ಹೃದಯದ ನಾಳದಲ್ಲಿ ಸುಣ್ಣ ಕಟ್ಟಿದ ಗುರುತೇ ಇರಲಿಲ್ಲ. ಅಲ್ಲಿಯವರೆಗೆ ಜಗತ್ತಿನಲ್ಲಿ ದಾಖಲಾದ ಅತಿ ಕಡಿಮೆ ನಾಳದ ಕಾಯಿಲೆ ಅವರದ್ದು. ಅವರಿಗೆ ಹೊಗೆಬತ್ತಿ ಚಟ ಇಲ್ಲದಂಗೇ, ಕೆಟ್ಟ ಕೊಬ್ಬೂ ಕಡಿಮೆ, ದಿನವಿಡೀ ನಡಿಗೆ. ಅಂದ್ರೆ ಅದೇ ಅಂಕಿ ಬೇರೆ ಬದುಕಿನಲ್ಲಿ ಬೇರೆ ಅರ್ಥ ಕೊಡುತ್ತೆ.

ಈಗ ದೊಡ್ಡವ್ವನ 6.4ಕ್ಕೆ ಬನ್ನಿ. 2003ರಲ್ಲಿ ಅಮೆರಿಕದ ಸಂಸ್ಥೆಗಳು ಹಾಕಿಕೊಟ್ಟ ಲೆಕ್ಕ ಇದು: ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. 10 ದಾಟಿದ್ರೆ ಮೊದಲು ಸೋಂಕು ಹುಡುಕಿ ಅಂತಲೂ ಅವರೇ ಹೇಳಿದ್ದಾರೆ. ಜ್ವರ, ಗಾಯ ಏನೂ ಇಲ್ಲದಾಗ, ಎರಡು ವಾರ ಬಿಟ್ಟು ಎರಡು ಸಲ ನೋಡಿ ಸರಾಸರಿ ತೆಗೀರಿ ಅಂತಲೂ ಇದೆ. ದೊಡ್ಡವ್ವ ರಕ್ತ ಕೊಟ್ಟ ದಿನ ಅವಳ ಹಿಮ್ಮಡಿ ಒಡೆದು ಕೀವು ಆಗಿತ್ತು, ಬಟ್ಟೆ ಸುತ್ಕೊಂಡಿದ್ಲು. ದವಡೆ ಹಲ್ಲು ಹುಳುಕು, ಒಸಡು ಊದಿತ್ತು. ಒಸಡಿನ ಕಾಯಿಲೆ ಒಂದೇ ಸಾಕು ಸಿಆರ್‌ಪಿ ಏರೋಕೆ. ವ್ಯಾನಿನವರು ಕಾಲೂ ನೋಡಲಿಲ್ಲ, ಬಾಯೂ ನೋಡಲಿಲ್ಲ. ಬಿಪಿ ಕೂಡ ನೋಡಲಿಲ್ಲ ಅಂತಾಳೆ ದೊಡ್ಡವ್ವ. ಕಾಸು ಕೊಡದೆ ಸಿಗೋದನ್ನೆಲ್ಲ ಬಿಟ್ಟು ಕಾಸು ಬರೋದನ್ನ ಮಾತ್ರ ಅಳೆದಿದ್ದಾರೆ.

ಹಂಗಾದ್ರೆ ಉರಿ ಹಚ್ಚಿದ್ದು ಯಾರು? ನಾನು ಕಂಡಂತೆ ಒಂದೊಂದಾಗಿ ಹೇಳ್ತೀನಿ.

ಒಂದು, ಒಲೆ. ನಲವತ್ತು ವರ್ಷ ಸೌದೆ ಒಲೆ ಊದಿದ ಎದೆ ಅದು. ಹೊಗೆಯ ಸಣ್ಣ ಕಣ ಶ್ವಾಸಕೋಶಕ್ಕೆ ಹೋದ್ರೆ ಅಲ್ಲಿಂದಲೇ ಉರಿಯೂತ ಶುರು. ಗ್ಯಾಸ್ ಸಂಪರ್ಕ ಇದೆ, ಆದ್ರೆ ಸಿಲಿಂಡರ್ ತುಂಬಿಸೋ ದುಡ್ಡು ಪ್ರತಿ ತಿಂಗಳೂ ಇರಲ್ಲ.

ಎರಡು, ಕಲ್ಲಿನ ದೂಳು. ಚಾಮರಾಜನಗರದ ಕರಿಕಲ್ಲು ದೇಶವಿದೇಶದಲ್ಲಿ ಹೆಸರುವಾಸಿ. ಆ ಕಲ್ಲನ್ನ ಕೊರೆದವರ ಶ್ವಾಸಕೋಶಕ್ಕೆ ಹೆಸರಿಲ್ಲ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಗುಡ್ಡ ಕುಸಿದಾಗ ಮಾತ್ರ ಕ್ವಾರಿ ಕೂಲಿಗಳು ಸುದ್ದಿಯಾದ್ರು. ಗುಡ್ಡ ಕುಸಿದ್ರೆ ಕಾಣುತ್ತೆ, ದೂಳು ಒಳಗೆ ಕೂತ್ರೆ ಕಾಣಲ್ಲ.

ಮೂರು, ತಾಯಿ ಹೊಟ್ಟೆಯ ಹಸಿವು. ಇದು ನಮ್ಮ ಮೈಸೂರಿನದ್ದೇ ಅಧ್ಯಯನ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು ಹುಟ್ಟಿದ ಕೂಸುಗಳ ತೂಕವನ್ನ ಹಳೇ ಕಾಲದಿಂದಲೂ ಬರೆದಿಟ್ಟಿದ್ರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನ ಹುಡುಕಿ ಹೃದಯ ಪರೀಕ್ಷೆ ಮಾಡಿ 1996ರಲ್ಲಿ ಪ್ರಕಟ ಮಾಡಿದ್ರು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ನಾಳದ ಕಾಯಿಲೆ. ಸುಮಾರು 3.2 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಕೂಸಿನ ತೂಕವೂ ಕಡಿಮೆ, ಬಸುರಿಯಾಗಿದ್ದ ತಾಯಿಯ ತೂಕವೂ 45 ಕೆಜಿಗಿಂತ ಕಡಿಮೆ ಇದ್ದಲ್ಲಿ ನೂರಕ್ಕೆ 20. ಬಸುರಿಯಲ್ಲಿ ಅಜ್ಜಿ ಉಣ್ಣದೆ ಇದ್ದಿದ್ದು ಐವತ್ತು ವರ್ಷ ಆದ ಮೇಲೆ ಮಗನ ಎದೆಯಲ್ಲಿ ಕಾಣಿಸ್ಕೊಂಡ್ತು ಅಂತ ಅರ್ಥ. ನಮ್ಮ ಅಜ್ಜಿಯರು ಎಷ್ಟು ತೂಕ ಇದ್ರು ಅಂತ ನಿಮಗೇ ಗೊತ್ತು.

ನಾಲ್ಕು, ಅವಮಾನ. ಇದನ್ನ ಬರೆದ್ರೆ 'ಎಲ್ಲದಕ್ಕೂ ಜಾತಿ ತರ್ತಾರೆ' ಅಂತಾರೆ. ಇರಲಿ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಇದೆ. ಅಲ್ಲಿ ಯಾರೂ ಹಸಿದವರಲ್ಲ, ಎಲ್ಲರಿಗೂ ಸಂಬಳದ ಕೆಲಸ, ಎಲ್ಲರಿಗೂ ಸರ್ಕಾರಿ ವೈದ್ಯಸೇವೆ. ಆದ್ರೂ ಬಾಗಿಲು ಕಾಯೋರು, ಕಾಗದ ಸಾಗಿಸೋರ ದರ್ಜೆಯಲ್ಲಿ ಹೃದಯದ ಕಾಯಿಲೆಯ ಸಾವು ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದಂತೆ ಸಾವು ಏರ್ತಿತ್ತು. ಮುಂದೆ ಅದೇ ಇಲಾಖೆಗಳ ಹೊಸ ಪೀಳಿಗೆಯ ರಕ್ತ ನೋಡಿದಾಗ ಕೆಳದರ್ಜೆಯವರಲ್ಲಿ ಉರಿಯೂತದ ಗುರುತುಗಳೂ ಹೆಚ್ಚಿದ್ವು. 2010ರಲ್ಲಿ ಶಿಕಾಗೋದ ವಯಸ್ಸಾದ ಕಪ್ಪು ಜನರ ಅಧ್ಯಯನ ಬಂತು. ನಿಮ್ಮನ್ನ ಮರ್ಯಾದೆ ಇಲ್ಲದೆ ಮಾತಾಡಿಸ್ತಾರಾ, ಹೋಟೆಲಲ್ಲಿ ಕೀಳಾಗಿ ನೋಡ್ತಾರಾ, ಹೆದರಿದವರಂಗೆ ಆಡ್ತಾರಾ ಅಂತ ಕೇಳಿದ್ರು. ಇಂಥದ್ದನ್ನ ಹೆಚ್ಚು ಅನುಭವಿಸಿದವರ ಸಿಆರ್‌ಪಿ ಹೆಚ್ಚಿತ್ತು.

ಆ ಪ್ರಶ್ನೆಗಳನ್ನ ಓದುವಾಗ ನನಗೆ ನೆನಪಾಗಿದ್ದು ನಮ್ಮ ತಾಲ್ಲೂಕಿನ ಹೆಗ್ಗೋಠಾರ. 2022ರ ನವೆಂಬರಿನಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳು ಮೇಲ್ಜಾತಿ ಬೀದಿಯ ತೊಂಬೆಯಲ್ಲಿ ನೀರು ಕುಡಿದ್ಲು ಅಂತ ತೊಂಬೆ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದ್ರು. ಸುದ್ದಿಯಾಗಿದ್ದು ಅದೊಂದು ದಿನ. ಸುದ್ದಿಯಾಗದ ದಿನಗಳು ಎಷ್ಟು? ದಿನಾ ಎದುರಿಗೆ ಬರೋರ ಮುಖ ನೋಡಿ, ಪಕ್ಕಕ್ಕೆ ಸರೀಬೇಕಾ, ಕೂರಬಹುದಾ, ಲೋಟ ನಾನೇ ತೊಳೀಬೇಕಾ ಅಂತ ಲೆಕ್ಕ ಹಾಕೋ ಮೈ ಎಂದಾದ್ರೂ ಆರಾಮಾಗಿರುತ್ತಾ?

ಇಲ್ಲಿ ನಮ್ಮ ಸಂಗಾತಿಗಳಿಗೆ ಒಂದು ಮಾತು. ಇದನ್ನ ಓದಿದ ಕೂಡಲೇ 'ಜಾತಿ ರಕ್ತದಲ್ಲೇ ಪತ್ತೆ' ಅಂತ ಪೋಸ್ಟರ್ ಮಾಡಬೇಡಿ. ನನಗೂ ಮೊದಲು ಆಸೆ ಆಯ್ತು, ಆಮೇಲೆ ಭಯ ಆಯ್ತು. ರಕ್ತದ ಭಾಷೆ ಯಾರದ್ದು? ಶುದ್ಧ ರಕ್ತ, ಕೆಟ್ಟ ರಕ್ತ ಅಂತ ಸಾವಿರಾರು ವರ್ಷ ಹೇಳ್ಕೊಂಡು ಬಂದೋರದ್ದು. 'ಅವರ ರಕ್ತವೇ ಬೇರೆ ಕಣ್ರಿ, ವಿಜ್ಞಾನವೇ ಹೇಳಿದೆ' ಅಂತ ನಾಳೆ ಅವರೇ ನಮ್ಮ ಪೋಸ್ಟರ್ ಎತ್ಕೊಂಡು ಓಡಾಡ್ತಾರೆ. ವಿಜ್ಞಾನ ಹೇಳ್ತಿರೋದು ಅದಲ್ಲ. ರಕ್ತ ಎಲ್ಲರದ್ದೂ ಒಂದೇ. ಹೊಗೆ, ದೂಳು, ಹಸಿವು, ಅವಮಾನ ಯಾರ ಮೇಲೆ ಬಿದ್ರೂ ಅವರ ರಕ್ತ ಹಂಗೇ ಆಗುತ್ತೆ. ಯಾರ ಮೇಲೆ ಬೀಳುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಜಾತಿ. ಈ ಎರಡು ಮಾತಿನ ವ್ಯತ್ಯಾಸ ನಮಗೆ ಜೀವನ್ಮರಣದ್ದು.

ಇನ್ನು ದನದ ಮಾಂಸದ ವಿಷಯ. ಕೆಂಪು ಮಾಂಸ ಅತಿಯಾದ್ರೆ, ಅದರಲ್ಲೂ ಸಂಸ್ಕರಿಸಿದ್ದು ಆದ್ರೆ, ಹೃದಯಕ್ಕೆ ಒಳ್ಳೇದಲ್ಲ. ಒಪ್ತೀನಿ. ಆದ್ರೆ 2021ರಲ್ಲಿ ಕಾಯ್ದೆ ಜಾರಿಯಾದ ಮೇಲೆ ದೊಡ್ಡವ್ವನ ಮನೆಯಲ್ಲಿ ಅದು ಬೆಂದಿದ್ದೇ ಅಪರೂಪ. ಅವಳು ದಿನಾ ಉಣ್ಣೋದು ಮುದ್ದೆ, ಹುರುಳಿಸಾರು, ರೇಷನ್ ಅಕ್ಕಿ ಅನ್ನ. ಬಾಳೆ ತೋಟದಲ್ಲಿ ಕೂಲಿ ಮಾಡ್ತಾಳೆ, ಬಾಳೆಹಣ್ಣು ಕೊಂಡು ತಿನ್ನಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ 90ರಷ್ಟನ್ನ ಒಂಬತ್ತು ಅಂಶಗಳಿಗೆ ಕಟ್ಟಿತು: ತಂಬಾಕು, ಕೆಟ್ಟ ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ಇಲ್ಲದ ಊಟ, ಕುಡಿತ, ಮೈ ದಣಿಸದೆ ಇರೋದು. ಇಷ್ಟರಲ್ಲಿ ಯಾವುದನ್ನೂ ಕೇಳದೆ ನೇರ ತಟ್ಟೆಗೆ ಕೈ ಹಾಕಿದ್ರಲ್ಲ, ಅದು ವೈದ್ಯ ಅಲ್ಲ, ಅದು ಹಳೇ ರೋಗ.

ಪಟ್ಟಿಯಲ್ಲಿ ಮೊದಲನೆಯದು ತಂಬಾಕು. ಇಲ್ಲಿ ನಾವು ನಮ್ಮನ್ನೇ ಕೇಳ್ಕೋಬೇಕು. ದೊಡ್ಡವ್ವನ ಸೊಂಟದ ಚೀಲದಲ್ಲಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಯಾವಾಗಲೂ ಇರುತ್ತೆ. ಹಸಿವು ಮರೆಯೋಕೆ ಶುರುವಾದ ಚಟ ಅಂತ ಅವಳೇ ಹೇಳ್ತಾಳೆ. ನಮ್ಮ ಸಭೆಗಳ ಹೊರಗೆ ಬೀಡಿ ಸಿಗರೇಟಿನ ಹೊಗೆ ಎಷ್ಟು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹೋರಾಟಗಾರರು ಐವತ್ತು ದಾಟೋಕೆ ಮುಂಚೆ ಹೋಗ್ತಿದ್ದಾರೆ, ನಾವು ಶ್ರದ್ಧಾಂಜಲಿ ಬರೆದು ಹೊರಗೆ ಬಂದು ಮತ್ತೆ ಹಚ್ತೀವಿ. ವ್ಯವಸ್ಥೆ ಹಚ್ಚಿದ ಬೆಂಕಿಗೆ ನಾವೂ ಪುಳ್ಳೆ ಹಾಕ್ತಿದ್ದೀವಿ. ಇದನ್ನ ಹೇಳೋದು ನಮ್ಮವರನ್ನ ದೂರೋಕೆ ಅಲ್ಲ, ನಮ್ಮವರು ಉಳೀಲಿ ಅಂತ.

ಈಗ ಕೊನೆಯ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು.

ದೊಡ್ಡಪ್ಪ ಹೋಗಿ ಹನ್ನೊಂದು ವರ್ಷ. ಕ್ವಾರಿ ಕೆಲಸ, ಐವತ್ತೊಂದು ವಯಸ್ಸು. ಬೆಳಗಿನ ಜಾವ ಎದೆ ಹಿಡ್ಕೊಂಡ್ರು. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಚುಚ್ಚಿ ಕಳಿಸಿದ್ರು. ಇಸಿಜಿ ತೆಗೀಲಿಲ್ಲ. ಸಾಯಂಕಾಲ ಮತ್ತೆ ಜೋರಾದಾಗ ಗಾಡಿ ಹುಡುಕಿ, ಚಾಮರಾಜನಗರ ಮುಟ್ಟೋ ಮುಂಚೆ ದಾರಿಯಲ್ಲೇ ಹೋದ್ರು. ದೊಡ್ಡವ್ವ ಸಾಲ ಮಾಡಿ ಆ ವ್ಯಾನಿಗೆ ರಕ್ತ ಕೊಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

2008ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರು ಮುಂದೆ ನಿಂತು ಮಾಡಿದ ಕ್ರಿಯೇಟ್ ಅನ್ನೋ ಅಧ್ಯಯನ ಬಂತು. ದೇಶದ 89 ಆಸ್ಪತ್ರೆ, 20,468 ಹೃದಯರೋಗಿಗಳು. ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟೋಕೆ ಆಗ್ತಿದ್ದ ಮಧ್ಯಮ ಸಮಯ 360 ನಿಮಿಷ, ಅಂದ್ರೆ ಆರು ಗಂಟೆ. ಮೂವತ್ತು ದಿನದೊಳಗೆ ಬಡವರಲ್ಲಿ ನೂರಕ್ಕೆ 8.2 ಜನ ಸತ್ತಿದ್ರು, ಶ್ರೀಮಂತರಲ್ಲಿ 5.5. ಯಾಕೆ ಅಂತ ಲೆಕ್ಕ ಹಾಕಿದ್ರು. ಬಿಪಿ, ಸಕ್ಕರೆಯಂಥ ಅಪಾಯದ ಅಂಶ ಸರಿದೂಗಿಸಿದ್ರೂ ವ್ಯತ್ಯಾಸ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯನ್ನ ಸರಿದೂಗಿಸಿದಾಗ ವ್ಯತ್ಯಾಸ ಮಾಯ ಆಯ್ತು.

ಆ ಸಾಲನ್ನ ನಾನು ನಾಲ್ಕು ಸಲ ಓದಿದೆ. ಬಡವರು ಹೆಚ್ಚು ಸತ್ತಿದ್ದು ಅವರ ಮೈ ಬೇರೆ ಅಂತಲ್ಲ, ಅವರಿಗೆ ಸಿಕ್ಕ ಚಿಕಿತ್ಸೆ ಬೇರೆ ಅಂತ. ಅದೇ ಮಾತ್ರೆ, ಅದೇ ಇಂಜೆಕ್ಷನ್, ಅದೇ ಹೊತ್ತಿಗೆ ಸಿಕ್ಕಿದ್ರೆ ಬಡವನೂ ಬದುಕ್ತಾನೆ. ದೊಡ್ಡಪ್ಪನ ಸಿಆರ್‌ಪಿ ಎಷ್ಟಿತ್ತು ಅಂತ ಗೊತ್ತಿದ್ರೆ ಅವರು ಉಳೀತಿರಲಿಲ್ಲ. ಬೆಳಿಗ್ಗೆಯೇ ಒಂದು ಇಸಿಜಿ ತೆಗೆದಿದ್ರೆ ಉಳಿಯೋ ಅವಕಾಶ ಇತ್ತು.

ಒಂಬತ್ತು ರಾಜ್ಯಗಳ ಅಂಕಿಅಂಶ ಇಟ್ಕೊಂಡು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ಮೇಲ್ಜಾತಿ ಹಿಂದೂಗಳಿಗಿಂತ ದಲಿತರ ಸರಾಸರಿ ಆಯಸ್ಸು ಮೂರು ವರ್ಷಕ್ಕಿಂತ ಹೆಚ್ಚು ಕಡಿಮೆ, ಆದಿವಾಸಿಗಳದ್ದು ನಾಲ್ಕು ವರ್ಷಕ್ಕಿಂತ ಹೆಚ್ಚು ಕಡಿಮೆ. ಕಳೆದುಹೋದ ಆ ವರ್ಷಗಳನ್ನ ವಾಪಸ್ ಕೇಳೋದೂ ಮೀಸಲಾತಿ ಕೇಳಿದಷ್ಟೇ ನ್ಯಾಯದ ಹೋರಾಟ.

ಹಂಗಾದ್ರೆ ಏನು ಕೇಳಬೇಕು?

ನಮ್ಮ ಬೀದಿಗೆ ಪ್ಯಾಕೇಜು ಬೇಡ. ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಅಕ್ಕಂದಿರನ್ನ ಕೇಳಿ, ಪುಸ್ತಕದಲ್ಲಿ ಬರೆಸಿ, ಮಾತ್ರೆ ತಿಂಗಳು ತಪ್ಪದೆ ಸಿಗುತ್ತಾ ಅಂತ ನೋಡಿ. ಬಾಯಿ ಮತ್ತು ಪಾದ ನೋಡೋದನ್ನ ಇದರ ಜೊತೆ ಸೇರಿಸಿ ಅಂತ ಕೇಳೋಣ. ಡಾಕ್ಟರು ಕಾರಣ ಹೇಳಿ ಎಚ್‌ಎಸ್-ಸಿಆರ್‌ಪಿ ಬರೆದುಕೊಟ್ರೆ ಮಾಡಿಸಿ, ವ್ಯಾನಿನವರು ಹೇಳಿದ್ರೆ ಬೇಡ.

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದ ಮೇಲೆ ಅವರ ಹೆಸರಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂತು. ಗಾಜನೂರು ನಮಗೆ ಗಡಿಯಾಚೆಯ ಪಕ್ಕದೂರು, ಆ ಹೆಸರಿನ ಮೇಲೆ ನಮಗೂ ಹಕ್ಕಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡೋದು ಆ ಯೋಜನೆ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ, ಹನೂರಿನ ಸಂಗಾತಿಗಳು ನಿಮ್ಮ ಆಸ್ಪತ್ರೆಗೆ ಹೋಗಿ ಕೇಳಿ: ಇಸಿಜಿ ಯಂತ್ರ ರಾತ್ರಿಯೂ ನಡೆಯುತ್ತಾ, ಇಂಜೆಕ್ಷನ್ ದಾಸ್ತಾನು ಇದೆಯಾ, ಈ ವರ್ಷ ಎಷ್ಟು ಜನಕ್ಕೆ ಕೊಟ್ರು? ಆನೆ ದಾಟೋ ರಸ್ತೆಯ ಊರುಗಳಿಗೆ, ಹಾಡಿ ಪೋಡುಗಳಿಗೆ ರಾತ್ರಿ ಆಂಬುಲೆನ್ಸ್ ಎಷ್ಟೊತ್ತಿಗೆ ಬರುತ್ತೆ?

ಗಣಿ ಕಾನೂನಿನಲ್ಲೇ ಕಾರ್ಮಿಕರಿಗೆ ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಅಂತ ಇದೆ. ಕ್ವಾರಿಗಳಲ್ಲಿ ಆ ದಾಖಲೆ ತೋರಿಸಿ ಅಂತ ಕೇಳೋಣ. ನೀರು ಹಾಯಿಸಿ ಕೊರೆದ್ರೆ ದೂಳು ಎಷ್ಟೋ ಕಡಿಮೆ ಆಗುತ್ತೆ.

2025ರ ಮೇ ಕೊನೆಯಿಂದ ಸುಮಾರು 40 ದಿನದಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಹೃದಯಾಘಾತದ ಸಾವು ಅಂತ ಸುದ್ದಿಯಾಗಿ, ಮೈಸೂರಿನ ಜಯದೇವದ ಮುಂದೆ ಜನ ಬೆಳಗಿನ ಜಾವದಿಂದ ಕ್ಯೂ ನಿಂತಿದ್ದು ನೆನಪಿದೆಯಲ್ಲ. ಸರ್ಕಾರ ತಜ್ಞರ ಸಮಿತಿ ಮಾಡಿತು, ಅಸಹಜ ಏರಿಕೆ ಇಲ್ಲ ಅಂತ ವರದಿ ಬಂತು. ಸರಿ. ಇನ್ನು ಮುಂದೆ ಬರೋ ಇಂಥ ಪ್ರತಿ ವರದಿಯಲ್ಲೂ ಮೂರು ಕಾಲಂ ಇರಲಿ: ಸತ್ತವರ ಜಾತಿ, ಕಸುಬು, ಮೊದಲ ನೋವಿನಿಂದ ಮೊದಲ ಇಸಿಜಿವರೆಗೆ ಆದ ಹೊತ್ತು. ಈ ಮೂರು ತುಂಬಿದ್ರೆ ಬೆಂಕಿ ಎಲ್ಲಿದೆ ಅಂತ ತಾನೇ ಕಾಣಿಸುತ್ತೆ.

ನಿಮ್ಮಲ್ಲಿ ಯಾರಿಗಾದ್ರೂ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯೋ ನೋವು, ಕಾರಣ ಇಲ್ಲದ ಬೆವರು, ಉಸಿರು ಕಟ್ಟೋದು ಆದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡೀತಾ ಕೂರಬೇಡಿ. ಹೆಣ್ಣುಮಕ್ಕಳಿಗೆ ಬರೀ ಸುಸ್ತು, ವಾಕರಿಕೆ ಆಗಿಯೂ ಬರಬಹುದು. 108ಕ್ಕೆ ಮಾಡಿ. 'ಇಸಿಜಿ ತೆಗೀರಿ' ಅಂತ ಬಾಯಿ ಬಿಟ್ಟು ಕೇಳಿ. ಕೇಳೋಕೆ ಸಂಕೋಚ ಪಡೋದನ್ನ ನಮಗೆ ಕಲಿಸಿದ್ದಾರೆ, ಅದನ್ನ ಮರೀಬೇಕು.

ದೊಡ್ಡವ್ವನನ್ನ ಹೋದ ವಾರ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಬಿಪಿ 170 ಇತ್ತು. ಯಾವತ್ತಿಂದ ಇತ್ತೋ. ದಿನಾ ತಗೊಳ್ಳೋ ಒಂದು ಮಾತ್ರೆ ಕೊಟ್ಟಿದ್ದಾರೆ. ಹಿಮ್ಮಡಿಗೆ ಔಷಧಿ ಹಚ್ಚಿ ಕಟ್ಟಿದ್ರು, ಹುಳುಕು ಹಲ್ಲು ಕಿತ್ರು. ಬರೋ ದಾರೀಲಿ ಬಸ್ಸಿನ ಕಿಟಕಿಯಿಂದ ಸೊಂಟದ ಚೀಲದ ಹೊಗೆಸೊಪ್ಪು ತೆಗೆದು ಎಸೆದ್ಲು. "ಎಷ್ಟ ದಿನ ಬುಟ್ಟಿರ್ತಿನೋ ಕಾಣೆ ಕನ ಮೊಗ, ನೋಡವ" ಅಂದ್ಲು. ಆಮೇಲೆ ಚೆಕ್‌ಪೋಸ್ಟ್ ಹತ್ರ ಇಳಿಯುವಾಗ ನನ್ನ ಕೈ ಹಿಡ್ಕೊಂಡು ಕೇಳಿದ್ಲು: "ಈ ಬಿಪಿ ನೋಡ ಮಿಷನ್ನು ಆವತ್ತ ಇತ್ತಾ?"

ಇತ್ತು ದೊಡ್ಡವ್ವ. ಎಲ್ಲಾ ಇತ್ತು. ನಮ್ಮ ತಾವಕ್ಕೆ ಬರಲಿಲ್ಲ ಅಷ್ಟೆ.

ಜೈಭೀಮ್.